ಸಾಲಿನ ಮೊದಲ ಆಟೋ

ತಿರುವನಂತಪುರದ ಪಟ್ಟಂ. ಮೂರನೇ ಮಹಡಿಯ ಆಫೀಸಿನಲ್ಲಿ ಗುರುಕಿರಣನ ಕಣ್ಣು ಪರದೆಗೆ ಅಂಟಿತ್ತು. ಇನ್ನೂರು ಕಿಲೋಮೀಟರ್ ಆಚೆ, ಕೊಚ್ಚಿಯ ಕಲೂರ್ ಸ್ಟೇಡಿಯಂನಲ್ಲಿ ಮಧ್ಯಾಹ್ನದ ಫುಟ್‌ಬಾಲ್ ಪಂದ್ಯ ಮುಗಿಯುವುದರಲ್ಲಿತ್ತು. ಮೆಟ್ರೋಗೆ ಅದರದೇ ಕಂಪ್ಯೂಟರು, ಬಸ್ಸಿಗೆ ಅದರದೇ ವೇಳಾಪಟ್ಟಿ, ಆಟೋದವರಿಗೆ ಅವರದೇ ಸ್ಟ್ಯಾಂಡು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಓರಗಿತ್ತಿಯರಂತಿದ್ದ ಈ ಮೂವರನ್ನೂ ಮಾತಾಡಿಸುವ ವ್ಯವಸ್ಥೆಯನ್ನು ಅವನು ಎಂಟು ತಿಂಗಳು ಕೂತು ಕಟ್ಟಿದ್ದ. ಇವತ್ತು ಪಂದ್ಯ ಮುಗಿದ ಅರ್ಧ ಗಂಟೆಯಲ್ಲಿ ಜನ ಕರಗಿದರೆ ಕೊಚ್ಚಿಗೆಲ್ಲ ವಿಸ್ತರಣೆ; ಇಲ್ಲವಾದರೆ ಯೋಜನೆಗೆ ಬೀಗ. ಹಾಗೆಂದು ಮೈಸೂರಿನವರಾದ ಮುಖ್ಯಸ್ಥೆ ಮಂದಾಕಿನಿ ಹೇಳಿಬಿಟ್ಟಿದ್ದರು.

ಪಂದ್ಯ ಮುಗಿಯಿತು. ಮೆಟ್ರೋ ಬಂತು, ಬಸ್ಸು ಬಂತು. ಆಟೋ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಸ್ಟೇಡಿಯಂ ಬಳಿ ನಿಂತಿದ್ದ ಸಹೋದ್ಯೋಗಿ, ಕಾಸರಗೋಡಿನ ಜುಬೈದಾ ಫೋನ್ ಮಾಡಿದಳು.

"ಎಂತ ಮಾರಾಯ ಮಾಡಿದ್ದು ನೀನು? ಗೇಟಿಗೆ ಹತ್ತಿರದ ಆಟೋಗೆ ಬಾಡಿಗೆ ಕೊಟ್ಟಿದ್ದಿ. ಅದು ಈಗಷ್ಟೇ ಬಂದ ಹಂಸಾನದ್ದು, ಸಾಲಿನ ಕೊನೆಯದ್ದು! ಮೊದಲು ನಿಂತದ್ದು ಅಶ್ರಫಿಕ್ಕ, ಇಲ್ಲಿ ಎಲ್ಲರಿಗೂ ದೊಡ್ಡಣ್ಣ, ಹನ್ನೊಂದು ಗಂಟೆಯಿಂದ ಕಾಯ್ತಾ ಇದ್ದಾರೆ. ಅವರನ್ನು ಬಿಟ್ಟು ಹಂಸಾ ಹೊರಡುದಿಲ್ಲ ಅಂತ. ಉಳಿದವರೂ ಕೈಕಟ್ಟಿ ಕೂತಿದ್ದಾರೆ."

"ಇಕ್ಕನಿಗೆ ಫೋನ್ ಕೊಡು ಮಾರಾಯ್ತಿ."

ಗುರುಕಿರಣ ಕಾಲೇಜಿನಲ್ಲಿ ಮಿಮಿಕ್ರಿಗೆ ಕಪ್ ಗೆದ್ದವನು. ಗಂಟಲು ಸರಿಮಾಡಿಕೊಂಡು, ಮಂದಾಕಿನಿಯವರ ಮೂಗಿನ ದನಿಯಲ್ಲೇ, ಅವರ ಮೈಸೂರು ಬೆರೆತ ಮಲಯಾಳದಲ್ಲೇ ಅಪ್ಪಣೆ ಹೊರಡಿಸಿದ: ಹತ್ತಿರದ ಆಟೋ ಕೂಡಲೇ ಹೊರಡಬೇಕು!

"ಮೇಡಂ ಆದರೂ ಸರಿ, ಮಂತ್ರಿ ಆದರೂ ಸರಿ," ಅಶ್ರಫ್ ಮಲಯಾಳದಲ್ಲಿ ತಣ್ಣಗೆ ಹೇಳಿದ. "ಇಲ್ಲಿ ಮೊದಲು ಬಂದವನಿಗೆ ಮೊದಲ ಬಾಡಿಗೆ. ನಿಮ್ಮ ಕಂಪ್ಯೂಟರು ಬೇಕಾದರೆ ಸಾಲಿನಲ್ಲಿ ನಿಲ್ಲಲಿ. ಯಾವ ಗೇಟು, ಎಷ್ಟು ಜನ, ಅಷ್ಟು ಹೇಳಿ. ಕಳಿಸೋದು ನಮಗೆ ಗೊತ್ತು."

ಗುರುಕಿರಣನಿಗೆ ಚುರುಕ್ಕೆಂದಿತು. ಮೆಟ್ರೋಗೆ ಅವನು ಅಪ್ಪಣೆ ಕೊಟ್ಟಿರಲಿಲ್ಲ, ಬಸ್ಸಿಗೂ ಇಲ್ಲ; ಜನ ಎಷ್ಟಿದ್ದಾರೆಂದು ತಿಳಿಸಿ ಸುಮ್ಮನಾಗಿದ್ದ. ಯಜಮಾನಿಕೆ ತೋರಿಸಿದ್ದು ಆಟೋದವರ ಮೇಲೆ ಮಾತ್ರ. ವ್ಯವಸ್ಥೆಯಲ್ಲಿ ಆಟೋಗಳಿಗೆ ಬಾಡಿಗೆ ಹಂಚುವ ಭಾಗವನ್ನೇ ಬಂದ್ ಮಾಡಿ, ಅಶ್ರಫನ ಫೋನಿಗೆ ಒಂದು ಸಂದೇಶ ಕಳಿಸಿದ: ನಾಲ್ಕನೇ ಗೇಟು, ನೂರಾ ಎಂಬತ್ತು ಜನ.

ಪರದೆಯ ಮೇಲೆ ಆಟೋಗಳ ಹಳದಿ ಚುಕ್ಕೆಗಳು ಸಾಲಿನ ಮುಂದಿನಿಂದ ಒಂದೊಂದಾಗಿ ಕಳಚಿಕೊಂಡವು. ಪಂದ್ಯ ಮುಗಿದ ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಗೇಟು ಖಾಲಿ.

"ನನ್ನ ಮೂಗು ಅಷ್ಟೊಂದು ಕಟ್ಟಿರುತ್ತೇನಪ್ಪಾ?"

ಬಾಗಿಲಲ್ಲಿ ಮಂದಾಕಿನಿ.

"ಮೇಡಂ, ಅದು... ತುರ್ತಿತ್ತು..."

"ಇರ್ಲಿ ಬಿಡು. ನನ್ನ ಮಾತೂ ನಡೀಲಿಲ್ವಲ್ಲ, ಅದೇ ಬೇಜಾರು. ಸೋಮವಾರ ಕೊಚ್ಚಿಗೆ ಹೊರಡು. ಒಂದೊಂದು ಸ್ಟ್ಯಾಂಡಲ್ಲೂ ಕೂತು ಚಾಯ ಕುಡಿದು, ಅವರವರ ಪದ್ಧತಿ ಏನು ಅಂತ ಕೇಳ್ಕೊಂಡು ಬಾ. ಆಮೇಲೆ ವಿಸ್ತರಿಸೋಣ."

"ಒಟ್ಟು ಎಷ್ಟು ಸ್ಟ್ಯಾಂಡ್ ಇವೆ ಮೇಡಂ?"

"ಅದನ್ನೂ ಅವರನ್ನೇ ಕೇಳು."