ಒಂದರ ತೂತು

ಅಕ್ಕನ ಬೆರಳಿಗೆ ಬೊಬ್ಬೆ ಎದ್ದಿದ್ದು ಅವಳಿಗೇ ಗೊತ್ತಿರಲಿಲ್ಲ. ಚಹಾದ ಲೋಟ ಕೆಳಗಿಟ್ಟಾಗ ನಾನೇ ನೋಡಿದೆ.

"ಸುಡ್ಲಿಲ್ವಾ ಅಕ್ಕಾ?"

"ಸುಟ್ರೆ ಗೊತ್ತಾಗ್ಬೇಕಲ್ಲ," ಎಂದು ಅವಳು ಮತ್ತೆ ಯಂತ್ರದ ಮುಂದೆ ಕೂತಳು.

ಆಗ ಕಂಪ್ಯೂಟರ್ ಎಂದರೆ ಪಕ್ಕದ ಕೋಣೆಯಲ್ಲಿದ್ದ ದೊಡ್ಡ ದೊಡ್ಡ ಬೀರುಗಳು. ಅದಕ್ಕೆ ತಂಪು ಗಾಳಿ, ನಮಗೆ ಸೆಕೆ. ಕಾಗದದ ಅಂಕಿಗಳನ್ನು ಅದು ಓದಲೆಂದು ನಾವು ಹೆಂಗಸರು ರಟ್ಟಿನ ಕಾರ್ಡಿನಲ್ಲಿ ತೂತುಗಳಾಗಿ ಹೊಡೆಯುತ್ತಿದ್ದೆವು. ದಿನವಿಡೀ ಕಬ್ಬಿಣ ರಟ್ಟನ್ನು ಕಚ್ಚುವ ಸದ್ದು. ಮೊದಲು ಬೆರಳು ನೋಯುತ್ತಿತ್ತು. ಆಮೇಲೆ ಜೋಮು ಹಿಡಿಯಿತು. ಆಮೇಲೆ ಏನೂ ಇಲ್ಲ. ಮನಸ್ಸಿಗೂ ಹಾಗೇ ಆಗಿತ್ತು ಅನ್ನಿ.

ಹಿರಿಯಳೆಂದು ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು. ಅವಳು ಹೊಡೆದ ಕಾರ್ಡನ್ನು ಪರೀಕ್ಷಿಸುವುದು ನನ್ನ ಕೆಲಸ. ಅದೇ ಕಾಗದ ನೋಡಿ ಅದೇ ಅಂಕಿಗಳನ್ನು ನಾನೂ ಒತ್ತಬೇಕು. ಇಬ್ಬರದೂ ಒಂದೇ ಆದರೆ ಯಂತ್ರ ಕಾರ್ಡಿನ ಅಂಚಿಗೆ ಕಚ್ಚು ಹಾಕಿ ಪಾಸು ಮಾಡುತ್ತದೆ. ಬೇರೆಯಾದರೆ ಕೆಂಪು ದೀಪ ಹತ್ತಿ ಕೀಲಿಗಳು ಬಿಗಿದುಕೊಳ್ಳುತ್ತವೆ. ಮೂರು ಸಲ ಅವಕಾಶ; ಆಮೇಲೆ ಕಾರ್ಡು ತಪ್ಪೆಂದು ಗುರುತಾಗುತ್ತದೆ.

ಆ ವಾರವೇ ಕಂಪನಿಯ ಡಾಕ್ಟರು ಬಂದು ನಮ್ಮೆಲ್ಲರ ಬೆರಳಿಗೂ ಸೂಜಿ ಚುಚ್ಚಿ ನೋಡಿದರು. ಯಾರೂ "ಹಾ" ಅನ್ನಲಿಲ್ಲ. ಅದರ ಪಟ್ಟಿಯನ್ನು ಕಾರ್ಡಿಗೆ ಹೊಡೆಯುವ ಕೆಲಸವೂ ನಮಗೇ ಬಂತು, ತಮಾಷೆ ನೋಡಿ. ಸ್ಪರ್ಶ ಹೋಗಿದ್ದರೆ ಒಂದು, ಇದ್ದರೆ ಸೊನ್ನೆ. ಬಂದ ಪಟ್ಟಿಯಲ್ಲಿ ಉಳಿದ ಎಲ್ಲರ ಮುಂದೆಯೂ ಸುಳ್ಳೇ ಸೊನ್ನೆ ಇತ್ತು. ಬೊಬ್ಬೆ ಕಣ್ಣಿಗೆ ಕಾಣುತ್ತಿದ್ದ ಅಕ್ಕನ ಮುಂದೆ ಮಾತ್ರ ಒಂದು.

ತನಗೊಬ್ಬಳಿಗೇ ಒಂದು ಯಾಕೆ ಎಂದು ಅಕ್ಕ ಮ್ಯಾನೇಜರನ್ನು ಕೇಳಿದಳು.

"ಬೇರೆ ಯಾರಿಗೂ ಏನೂ ಆಗಿಲ್ವಲ್ಲ. ಅಂದ್ರೆ ಇದು ನಿಮ್ಮ ಮೈಯ ದೋಷ, ಕೆಲಸದ್ದಲ್ಲ. ತಿಂಗಳು ಮುಗಿದ್ಮೇಲೆ ಮನೇಲಿರಿ."

"ಮನೇಲಿ ಹಾಸಿಗೆ ಹಿಡಿದ ಅಮ್ಮ ಇದಾರೆ ಸಾರ್. ದುಡಿಯೋಳು ನಾನೊಬ್ಳೇ."

"ಅದೆಲ್ಲ ಕಾರ್ಡಲ್ಲಿ ಬರಲ್ಲಮ್ಮ."

ಅಕ್ಕ ಹೋಗಿ ಯಂತ್ರದ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಕಾರ್ಡಿನ ಕಟ್ಟು ನನ್ನ ಮೇಜಿಗೆ ಬಂತು.

ನನ್ನದೇ ಕಾರ್ಡು ಮೊದಲು. ಕಾಗದದಲ್ಲಿದ್ದಂತೆ ಸೊನ್ನೆ ಒತ್ತಿದೆ. ಕೆಂಪು ದೀಪ. ಅಭ್ಯಾಸಬಲದಿಂದ ಮತ್ತೆ ಸೊನ್ನೆ. ಮತ್ತೆ ಕೆಂಪು. ಬಗ್ಗಿ ನೋಡಿದೆ. ಸೊನ್ನೆ ಇರಬೇಕಾದ ಕಡೆ ಒಂದರ ತೂತು. ಕಟ್ಟಿನಲ್ಲಿ ಉಳಿದ ಕಾರ್ಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲದರಲ್ಲೂ ಒಂದು.

ಅಕ್ಕ ತಿರುಗಿ ನೋಡಲಿಲ್ಲ. ಅವಳ ಬೆನ್ನು ಮಾತ್ರ ಬಿಗಿದಿತ್ತು. ಎಲ್ಲರ ಕೈಯೂ ಹೀಗೇ ಎಂದು ಅಚ್ಚಾದರೆ ದೋಷ ಅವಳ ಮೈಯದಾಗುವುದಿಲ್ಲ, ಕೆಲಸದ್ದಾಗುತ್ತದೆ. ಸಿಕ್ಕಿಬಿದ್ದರೆ ನನ್ನ ಅನ್ನಕ್ಕೂ ಕಲ್ಲು. ಎಷ್ಟೋ ತಿಂಗಳ ಮೇಲೆ ಹೆದರಿಕೆ ಎನ್ನುವುದೊಂದು ನನ್ನೊಳಗೆ ಅಲ್ಲಾಡಿತು.

ಮೂರನೇ ಸಲ ಒಂದು ಒತ್ತಿದೆ. ದೀಪ ಆರಿತು. ಯಂತ್ರ ಅಂಚಿಗೆ ಕಚ್ಚು ಹಾಕಿತು. ಉಳಿದವಕ್ಕೂ ಒಂದೇ ಒತ್ತಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಉಳಿದ ಹೆಂಗಸರ ಕಿವಿಗೂ ಹಾಕಿದೆ.

ಮರುದಿನ ಮ್ಯಾನೇಜರು ಅಚ್ಚಾದ ಉದ್ದನೆಯ ಕಾಗದ ಹಿಡಿದು ಬೆಂಕಿಯಾಗಿ ಬಂದರು. ಅದರ ಒಂದು ಪ್ರತಿ ಆಗಲೇ ಮೇಲಿನವರಿಗೆ ಹೋಗಿತ್ತು.

"ಯಾರು ಹೊಡೆದದ್ದು ಇದನ್ನ?"

"ನಾನು," ಎಂದಳು ಅಕ್ಕ.

"ಪಾಸು ಮಾಡಿದ್ದು ನಾನು ಸಾರ್," ಎಂದೆ.

"ಪಟ್ಟೀಲಿರೋ ಹಾಗೇ ಎಲ್ಲಾನೂ ಮತ್ತೆ ಹೊಡೀರಿ! ಈಗ್ಲೇ!"

ಯಾರೂ ಕಾರ್ಡು ಮುಟ್ಟಲಿಲ್ಲ. ಒಂದೊಂದೇ ಯಂತ್ರದ ಸದ್ದು ನಿಂತಿತು. ಎಲ್ಲರೂ ಎದ್ದು ಅಕ್ಕನ ಹಿಂದೆ ಬಂದು ನಿಂತರು.

"ನೀವು ಮಾಡ್ದಿದ್ರೆ ಹೇಗೆ ಮಾಡಿಸ್ಬೇಕು ಅಂತ ನಂಗೊತ್ತು!"

ಅಕ್ಕ ಬೊಬ್ಬೆ ಎದ್ದ ಬೆರಳನ್ನು ಅವರ ಮುಂದೆ ಹಿಡಿದಳು.

"ಯಾರ ಕೈಲಿ ಮಾಡಿಸ್ತೀರಿ ಸಾರ್?"