ನೆಲಬೇವಿನ ಮೊದಲ ಗುಟುಕು

ನೆಲಬೇವಿನ ಸಾರವನ್ನು ಕ್ಯಾಪ್ಸೂಲಿಗೆ ತುಂಬಿ, ಕಹಿ ನಾಲಿಗೆಗೆ ತಾಗದಂತೆ ಮಾಡುವುದೇ ಯಲಹಂಕದ ಲ್ಯಾಬಿನಲ್ಲಿ ನನ್ನ ಕೆಲಸ. ಆದರೆ ಜ್ವರ ಬಂದ ನನ್ನ ಮಗಳು ಚಾರ್ವಿಗೆ ಕ್ಯಾಪ್ಸೂಲ್ ನುಂಗಲು ಬಾರದು. ಮೂರು ಸಲ ಉಗಿದಳು. ಸಿಟ್ಟಿನಿಂದ ಕುಂಡದ ನೆಲಬೇವನ್ನೇ ಕಿತ್ತು ಕಷಾಯ ಕುದಿಸಿದೆ.

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ, ಹುಣಸಮಾರನಹಳ್ಳಿಯಲ್ಲಿ ನನ್ನಜ್ಜಿ ಗಂಗರತ್ನಮ್ಮ ಈ ಕಷಾಯದ ಮೊದಲ ಗುಟುಕನ್ನು ತಾನೇ ಕುಡಿಯುತ್ತಿದ್ದಳು. "ಏನೂ ಕಯಿ ಇಲ್ಲ ಕಣಮ್ಮಿ, ಇಂಗೆ ಕುಡ್ದ್‌ಬುಡು," ಎನ್ನುತ್ತಿದ್ದಳು. ಮುಖ ಒಂಚೂರೂ ಕಿವುಚುತ್ತಿರಲಿಲ್ಲ. ನಾನು ಪ್ರತಿ ಸಲವೂ ನಂಬಿ ಗಟಗಟ ಕುಡಿದು, ಆಮೇಲೆ ದಿನವಿಡೀ ಅವಳ ಜೊತೆ ಟೂ ಬಿಡುತ್ತಿದ್ದೆ.

ಇವತ್ತು ಮೊದಲ ಗುಟುಕು ನಾನೇ ಕುಡಿದೆ. ಗಂಟಲವರೆಗೂ ಕಹಿ. ಮುಖ ಕಿವುಚಲಿಲ್ಲ.

"ಏನೂ ಕಹಿ ಇಲ್ಲ ಪುಟ್ಟಿ, ಕುಡಿ."

ಮಗಳು ನನ್ನನ್ನೇ ದಿಟ್ಟಿಸಿದಳು. "ಕಹಿ ಇಲ್ದಿದ್ರೆ ಮತ್ತ್ಯಾಕಮ್ಮ ಅಳ್ತಿದೀಯ?"