ನಿಂಗಣ್ಣ ಎಂಜಿನ್ ಆಫ್ ಮಾಡಿದ್ದು

ಗಂಟೆ ಹೊಡೆದದ್ದೇ ತಡ, ಸುಮಿತಾ ಎದ್ದು ಗಣಿತದ ಉತ್ತರ ಪತ್ರಿಕೆಯನ್ನು ಚಿತ್ರಾ ಟೀಚರ ಮೇಜಿನ ಮೇಲಿಟ್ಟಳು. ಅರ್ಧಕ್ಕರ್ಧ ಖಾಲಿ. ಅವಳಿಗೆ ಲೆಕ್ಕ ಬಾರದೆಂದಲ್ಲ. ಬಾಯಲ್ಲಿ ಕೇಳಿದರೆ ಕ್ಯಾಲ್ಕುಲೇಟರ್ ನಾಚಿಕೊಂಡು ಡ್ರಾಯರಿನೊಳಗೆ ಸೇರಿಕೊಳ್ಳಬೇಕು, ಅಷ್ಟು ಚುರುಕು. ಕಾಗದಕ್ಕೆ ಇಳಿಸಹೋದರೆ ಮಾತ್ರ ಅಂಕಿಗಳು ತಿರುಗುಮುರುಗಾಗಿ ಓಡುತ್ತಿದ್ದವು. ಒಂದೊಂದನ್ನೂ ಹಿಡಿದು ತಂದು ಕೂರಿಸುವಷ್ಟರಲ್ಲಿ ಕಾಫಿ ಹೂವು ಬಿಟ್ಟು, ಕಾಯಾಗಿ, ಹಣ್ಣೂ ಆಗಿರುತ್ತಿತ್ತು. ಮೈಸೂರಿನ ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿ, ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚು ಕೊಡಬೇಕೆಂದು ಬರೆದುಕೊಟ್ಟಿದ್ದರು.

"ಕೂತ್ಕೊ. ನಿಂಗೆ ಇನ್ನೂ ಟೈಮ್ ಉಂಟಲ್ಲ."

"ಬೇಡ ಮಿಸ್. ಜೀಪು ಹೋಗ್ತದೆ."

ನಿನ್ನೆ ವಿಜ್ಞಾನ ಪರೀಕ್ಷೆಯ ದಿನವೂ ಹೀಗೇ ಎದ್ದು ಹೋಗಿದ್ದಳು. ಇದು ಶಾಲೆಯೇ ನಡೆಸುವ ತಯಾರಿ ಪರೀಕ್ಷೆ ನಿಜ, ಆದರೆ ಈ ರೂಢಿ ಮುಂದಿನ ತಿಂಗಳ ಹತ್ತನೇ ಕ್ಲಾಸಿನ ದೊಡ್ಡ ಪರೀಕ್ಷೆಗೂ ಬಂದರೆ ಹುಡುಗಿ ಫೇಲಾಗುವುದು ಖಂಡಿತವೆಂದು ಟೀಚರಿಗೆ ಗೊತ್ತಿತ್ತು.

ಜೀಪೆಂದರೆ ನಿಂಗಣ್ಣನದು. ಸೀಟು ಒಂಬತ್ತು, ಹತ್ತುವುದು ಇಡೀ ತಾಲ್ಲೂಕು. ಅದರ ಹಾರ್ನಿಗೆ ಶ್ರೀಮಂಗಲದ ಕೋಳಿಗಳು ಮೊಟ್ಟೆಯಿಡುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದವು. ಕತ್ತಲಾದರೆ ಎಸ್ಟೇಟ್ ದಾರಿಗೆ ಆನೆ ಇಳಿಯುವುದರಿಂದ ಐದಕ್ಕೆ ಹೊರಟೇ ಸಿದ್ಧ. ಸ್ವಂತ ಮದುವೆಯ ದಿನ ದಿಬ್ಬಣವನ್ನೇ ಬಿಟ್ಟು ಹೋದ ಆಸಾಮಿ.

ಅದೇ ಜೀಪಿನಲ್ಲಿ ಹೋಗುವ ಅಕ್ಷಿತ್ ಬಾಗಿಲಲ್ಲಿ ನಿಂತಿದ್ದ. ಕ್ಲಾಸಿಗೇ ಮೊದಲಿಗ.

"ಇವಳಿಗೆ ಮಾತ್ರ ಒಂದು ಗಂಟೆ ಜಾಸ್ತಿ ಅಂದ್ರೆ ಹೇಗೆ ಮಿಸ್? ನಂಗೂ ಕೊಡಿ, ನೂರಕ್ಕೆ ನೂರು ತೆಗೀತೇನೆ."

ಸುಮಿತಾ ತಲೆ ಎತ್ತಲಿಲ್ಲ. ಟೀಚರು ಇಬ್ಬರ ಪತ್ರಿಕೆಯನ್ನೂ ಹುಡುಕಿ ತೆಗೆದರು. "ತಗೊ ಮಾರಾಯ. ನೀನೂ ಕೂತು ಬರಿ."

ಅಷ್ಟರಲ್ಲಿ ಹಾರ್ನಿನ ಹಿಂದೆಯೇ ನಿಂಗಣ್ಣನೂ ಬಂದ. ಇನ್ನೊಂದು ಗಂಟೆ ಕಾಯಬೇಕೆಂದು ಟೀಚರು ಹೇಳಿದ್ದಕ್ಕೆ, ಆನೆ ಇಳಿದರೆ ಯಾರು ಹೊಣೆ ಎಂದು ಗೊಣಗಿದ.

"ಇಳಿದ್ರೆ ಎಂತ ಮಾಡ್ತೀರಿ ನಿಂಗಣ್ಣ?"

"ಎಂತ ಮಾಡುದು ಟೀಚರ್, ಎಂಜಿನ್ ಆಫ್ ಮಾಡಿ ಕಾಯುದು. ಅದು ದಾಟಬೇಕಲ್ಲ."

"ಎಷ್ಟು ಹೊತ್ತು?"

"ಅದಕ್ಕೆ ಬೇಕಾದಷ್ಟು."

ಹೇಳಿ ಮುಗಿಸಿದವನು ಸುಮಿತಾಳ ಕಡೆ ನೋಡಿದ. ಹೋಗಿ ಎಂಜಿನ್ ಆಫ್ ಮಾಡಿದ. ಶಾಲೆಗೆ ಅಡಿಗಲ್ಲು ಹಾಕಿದಂದಿನಿಂದ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

ಅಕ್ಷಿತ್ ಉತ್ತರಗಳನ್ನು ಮತ್ತೊಮ್ಮೆ ನೋಡಿದ. ತಿದ್ದಲು ಏನೂ ಸಿಗಲಿಲ್ಲ. ಬಾರದ ಒಂದು ಲೆಕ್ಕ ಆಗಲೂ ಬರಲಿಲ್ಲ. ಸ್ಕೇಲು ತಿರುಗಿಸಿದ, ಮಾಡಿನ ಹೆಂಚುಗಳನ್ನೆಲ್ಲ ಎಣಿಸಿ ಮುಗಿಸಿದ. ಆಕಳಿಸಿದ ಆಕಳಿಕೆಗೆ ಗೋಡೆಯ ಭೂಪಟ ಅಲ್ಲಾಡಿತು.

"ಮಿಸ್, ನಂದು ಮುಗೀತು. ಹೋಗ್ಲಾ?"

"ನಿಂಗೆ ಇನ್ನೂ ಟೈಮ್ ಉಂಟಲ್ಲ."

ಬೇರೆ ದಾರಿಯಿಲ್ಲದೆ ಅವನು ಪಕ್ಕದ ಬೆಂಚು ನೋಡಿದ. ಸುಮಿತಾ ಒಂದು ಆರನ್ನು ಬರೆದಳು, ಬೆರಳಿಟ್ಟು ಪ್ರಶ್ನೆಯಲ್ಲಿದ್ದ ಆರರೊಡನೆ ಹೋಲಿಸಿದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಕುತ್ತಿಗೆ ಬೆವೆತಿತ್ತು. ಅವನು ಟಿಕ್ ಟಿಕ್ ಎನ್ನಿಸುತ್ತಿದ್ದ ಪೆನ್ನನ್ನು ಮೆಲ್ಲನೆ ಕೆಳಗಿಟ್ಟ. ಬಾರದೆ ಅವನು ಬಿಟ್ಟಿದ್ದ ಆ ಲೆಕ್ಕವನ್ನೇ ಅವಳು ಕೊನೆಗೆ ಮುಗಿಸಿ, ಗೆರೆ ಎಳೆದು, ಬಾಯಿ ತೆರೆದು ಉಸಿರು ಬಿಟ್ಟಳು.

ಜೀಪಿನಲ್ಲಿ ಅಕ್ಷಿತ್ ತನ್ನ ಬದಿ ಸೀಟಿನಿಂದ ಬ್ಯಾಗು ತೆಗೆದು ಮಡಿಲಿಗೆ ಹಾಕಿಕೊಂಡ. "ನಾಳೆ ಸಮಾಜ," ಎಂದ. "ನಾನು ಜೀಪಲ್ಲೇ ಕೂತಿರ್ತೇನೆ, ಆಯ್ತಾ?" ಸುಮಿತಾ ನಕ್ಕಳು.

ಎರಡನೇ ತಿರುವಿನಲ್ಲಿ ಗುಡ್ಡದಷ್ಟು ದೊಡ್ಡ ಒಂಟಿ ಆನೆ ಸಿಲ್ವರ್ ಮರಕ್ಕೆ ಬೆನ್ನುಜ್ಜುತ್ತ ನಿಂತಿತ್ತು. ನಿಂಗಣ್ಣ ಎಂಜಿನ್ ಆಫ್ ಮಾಡಿದ. ಆನೆ ಒಂದು ಕಡೆ ಉಜ್ಜಿ ಮುಗಿಸಿ, ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ತಿರುಗಿತು. ಅಷ್ಟರಲ್ಲಿ ಸುಮಿತಾಳಿಗೆ ನಿದ್ದೆ ಹತ್ತಿತ್ತು. ಇಂಕು ಮೆತ್ತಿದ ಬೆರಳುಗಳು ಮಡಿಲಲ್ಲಿ ಬಿಡಿಸಿಕೊಂಡು ಬಿದ್ದಿದ್ದವು.